ಗ್ರಹದ ಮೂಲೆಯ ಆ ಸಣ್ಣ ಅಂಕಿ: ಬಾಹ್ಯಾಕಾಶ ಸಾಮ್ರಾಜ್ಯದ ಆಟಗಳಲ್ಲಿ ಜನಸಂಖ್ಯೆಯ ಕಥೆ

ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳ ಬಗ್ಗೆ ಯಾರಾದರೂ ಮಾತು ಶುರು ಮಾಡಿದರೆ ಅದು ಹಡಗುಗಳ ಬಗ್ಗೆಯೇ ಆಗಿರುತ್ತೆ. ಯಾವ ಹಡಗಿಗೆ ಎಷ್ಟು ಲೇಸರ್, ಯಾವ ಜನಾಂಗ ಯುದ್ಧದಲ್ಲಿ ಗಟ್ಟಿ, ಯಾವ ತಂತ್ರಜ್ಞಾನ ಮೊದಲು ಕಲೀಬೇಕು, ಇದೇ ಮಾತು. ಆದರೆ ಪರದೆಯ ಒಂದು ಮೂಲೆಯಲ್ಲಿ, ಗ್ರಹದ ಹೆಸರಿನ ಕೆಳಗೆ ಒಂದು ಸಣ್ಣ ಅಂಕಿ ಸುಮ್ಮನೆ ಕೂತಿರುತ್ತೆ. ಜನಸಂಖ್ಯೆ. ಹಡಗು ಕಟ್ಟುವವರು ಅವರೇ, ತೆರಿಗೆ ಕೊಡುವವರು ಅವರೇ, ಸಂಶೋಧನೆ ಮಾಡುವವರು ಅವರೇ, ಕೊನೆಗೆ ಸಾಯುವವರೂ ಅವರೇ. ಆಟ ಗೆಲ್ಲೋದು ಸೋಲೋದು ಹೆಚ್ಚಿನ ಸಲ ನಿರ್ಧಾರ ಆಗೋದು ಆ ಅಂಕಿಯಲ್ಲೇ.

ಆ ಅಂಕಿ ಹೇಗೆ ಬೆಳೀಬೇಕು ಅನ್ನೋದರ ಬಗ್ಗೆ ಆಟ ಬರೆಯುವವರು ಸುಮಾರು ಐವತ್ತು ವರ್ಷದಿಂದ ಒದ್ದಾಡ್ತಾ ಇದಾರೆ. ಆ ಒದ್ದಾಟದ ಕಥೆಯನ್ನೇ ಇಲ್ಲಿ ಬರೀತಾ ಇದೀನಿ. ಈ ಆಟಗಳನ್ನು ಆಡದವರೂ ಧೈರ್ಯವಾಗಿ ಓದಬಹುದು, ಗಣಿತ ಉಪ್ಪಿನಷ್ಟೇ ಇದೆ :-)

ಮೊದಲು ಒಂದು ಸಣ್ಣ ಪರಿಚಯ. ಈ ಜಾತಿಯ ಆಟಗಳಿಗೆ 'ಫೋರ್ ಎಕ್ಸ್' ಅಂತ ಹೆಸರು. ಹುಡುಕು, ಹರಡು, ದುಡಿಸಿಕೋ, ನಿರ್ನಾಮ ಮಾಡು ಅನ್ನೋ ನಾಲ್ಕು ಕ್ರಿಯೆಗಳ ಇಂಗ್ಲಿಷ್ ಪದಗಳಲ್ಲಿರುವ 'ಎಕ್ಸ್' ಶಬ್ದದಿಂದ ಬಂದಿದ್ದು. 1993ರಲ್ಲಿ ಅಲನ್ ಎಮ್ರಿಚ್ ಅನ್ನುವವರು 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' ಪತ್ರಿಕೆಯಲ್ಲಿ 'ಮಾಸ್ಟರ್ ಆಫ್ ಓರಿಯನ್' ಆಟದ ಬಗ್ಗೆ ಬರೆಯುವಾಗ ಇದನ್ನು ಹುಟ್ಟುಹಾಕಿದರು. ನಾಲ್ಕನೇ ಎಕ್ಸ್ ಏನು ಅಂತ ಇನ್ನೊಂದು ಸಲ ನೋಡಿ. ನಿರ್ನಾಮ. ಯಾರನ್ನು? ಆ ಮೂಲೆಯ ಅಂಕಿಯನ್ನು. ಈ ವಿಷಯಕ್ಕೆ ಆಮೇಲೆ ಬರ್ತೀನಿ.

ಕಾಗದದ ಮೇಲಿನ ಜನ

ಕಥೆ ಶುರುವಾಗೋದು ಕಂಪ್ಯೂಟರಿಗಿಂತ ಮುಂಚೆ. 1970ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಮೆಟಾಗೇಮಿಂಗ್ ಅನ್ನೋ ಸಂಸ್ಥೆ 'ಸ್ಟೆಲ್ಲರ್ ಕಾಂಕ್ವೆಸ್ಟ್' ಅಂತ ಒಂದು ಬೋರ್ಡ್ ಆಟ ತಂದಿತು. ಮಾಡಿದವರು ಹೋವರ್ಡ್ ಥಾಂಪ್ಸನ್. ಆರು ಮೂಲೆಯ ಮನೆಗಳಿರುವ ನಕ್ಷೆ, ಅದರ ಮೇಲೆ ನಕ್ಷತ್ರಗಳು. ಪ್ರತಿ ಗ್ರಹದಲ್ಲಿ ಎಷ್ಟು ಜನ ಇದಾರೆ ಅಂತ ಆಟಗಾರರೇ ಕಾಗದದಲ್ಲಿ ಬರೆದಿಟ್ಟುಕೊಂಡು, ಆಗಾಗ ಶೇಕಡಾವಾರು ಲೆಕ್ಕ ಹಾಕಿ ಹೆಚ್ಚಿಸಬೇಕು. ಗ್ರಹಕ್ಕೆ ಒಂದು ಗರಿಷ್ಠ ಮಿತಿ. ಅದು ತುಂಬಿದರೆ ಜನರನ್ನು ಬೇರೆ ಕಡೆ ಸಾಗಿಸಬೇಕು. ಇವತ್ತಿನ ಆಟಗಳ ಅರ್ಧ ಎಲುಬು ಅಲ್ಲೇ ಸಿದ್ಧವಾಗಿತ್ತು. ಲೆಕ್ಕ ಮಾಡೋರು ಮನುಷ್ಯರಾದ್ದರಿಂದ ಸೂತ್ರ ಸರಳವಾಗಿರಲೇಬೇಕಿತ್ತು, ಅಷ್ಟೇ.

1983ರಲ್ಲಿ ಆಸ್ಟ್ರೇಲಿಯಾದ ಎಸ್‌ಎಸ್‌ಜಿ ಸಂಸ್ಥೆ 'ರೀಚ್ ಫಾರ್ ದ ಸ್ಟಾರ್ಸ್' ತಂದಾಗ ಆ ಲೆಕ್ಕವನ್ನು ಯಂತ್ರ ವಹಿಸಿಕೊಂಡಿತು. ಆದರೂ ಜನ ಅಂದರೆ ಬರೀ ಅಂಕಿಯೇ.

1991ರ 'ಸಿವಿಲೈಜೇಷನ್' ಬಾಹ್ಯಾಕಾಶದ ಆಟ ಅಲ್ಲ, ಆದರೆ ಅದನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ಸಿಡ್ ಮೀಯರ್ ಮಾಡಿದ ಒಂದು ಜಾಣತನ ಅಂದರೆ ಊರಿನ ಗಾತ್ರಕ್ಕೂ ನಿಜವಾದ ಜನಸಂಖ್ಯೆಗೂ ಇಟ್ಟ ಸಂಬಂಧ. ಗಾತ್ರ 1 ಅಂದರೆ 10,000 ಜನ. ಗಾತ್ರ 2 ಅಂದರೆ 30,000. ಗಾತ್ರ 3 ಅಂದರೆ 60,000. ಗಾತ್ರ 10 ಆದಾಗ 5,50,000. ಅಂದರೆ ಹೊರಗೆ ನೋಡೋಕೆ ದೊಡ್ಡ ನಗರ, ಒಳಗೆ ಲೆಕ್ಕಕ್ಕೆ ಬರೀ ಹತ್ತು ತಲೆ. ಆ ಹತ್ತು ತಲೆಗಳನ್ನು ಪರದೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಕೆಲವರು ಖುಷಿ, ಕೆಲವರು ಸುಮ್ಮನೆ, ಕೆಲವರಿಗೆ ಸಿಟ್ಟು. ಸಿಟ್ಟಾದವರು ಖುಷಿಯಾದವರಿಗಿಂತ ಹೆಚ್ಚಾದರೆ ಊರಲ್ಲಿ ಗಲಾಟೆ. ಜನ ಮೊದಲ ಸಲ ಆಟಗಾರನ ಮಾತಿಗೆ ಎದುರು ಮಾತಾಡಿದ್ದು ಹೀಗೆ.

ಓರಿಯನ್ನಿನ ಯಜಮಾನ

1993ರ 'ಮಾಸ್ಟರ್ ಆಫ್ ಓರಿಯನ್' ಸಿಮ್‌ಟೆಕ್ಸ್ ಸಂಸ್ಥೆಯದ್ದು, ಅದರ ಹಿಂದಿನ ತಲೆ ಸ್ಟೀವ್ ಬಾರ್ಸಿಯಾ. ಈ ಆಟದಲ್ಲಿ ತಲೆಗಳ ಸಾಲು ಇಲ್ಲ. ಒಂದು ಅಂಕಿ, ಐದು ಜಾರುಪಟ್ಟಿಗಳು: ಹಡಗು, ರಕ್ಷಣೆ, ಕಾರ್ಖಾನೆ, ಪರಿಸರ, ತಂತ್ರಜ್ಞಾನ. ಜನ ದುಡೀತಾರೆ, ಜನರು ಕಾರ್ಖಾನೆ ನಡೆಸ್ತಾರೆ, ಕಾರ್ಖಾನೆ ಹೊಲಸು ಮಾಡುತ್ತೆ, ಹೊಲಸು ತೆಗೆಯೋಕೆ ದುಡ್ಡು ಹಾಕದಿದ್ದರೆ ಗ್ರಹದಲ್ಲಿ ಇರಬಹುದಾದವರ ಸಂಖ್ಯೆಯೇ ಕುಗ್ಗುತ್ತೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಒಳ್ಳೆ ಅಡುಗೆ ಮಾಡಿದ ಆಟ ನಾನು ಇನ್ನೊಂದು ನೋಡಿಲ್ಲ.

ಹತ್ತು ಜನಾಂಗಗಳಿದ್ದವು, ಅವುಗಳ ಸ್ವಭಾವ ಗೊತ್ತಾಗ್ತಾ ಇದ್ದದ್ದು ಜನಸಂಖ್ಯೆಯ ಮೂಲಕವೇ. ಹಲ್ಲಿಯಂಥ ಸಕ್ರಾಗಳು ಬೇಗ ಬೇಗ ಹೆಚ್ಚುತ್ತಾರೆ. ಕಲ್ಲಿನ ಜೀವಿ ಸಿಲಿಕಾಯ್ಡ್‌ಗಳು ಎಂಥ ನರಕದಂಥ ಗ್ರಹದಲ್ಲೂ ಬದುಕುತ್ತಾರೆ, ಹೊಲಸು ಅವರನ್ನು ಕಾಡಲ್ಲ, ಆದರೆ ಹೆಚ್ಚೋದು ಬಹಳ ನಿಧಾನ. ಕ್ಲಾಕನ್ ಅನ್ನೋ ಕೀಟಗಳು ಕೆಲಸದಲ್ಲಿ ಎಲ್ಲರನ್ನೂ ಮೀರಿಸ್ತಾರೆ.

ಇನ್ನೊಂದು ವಿಷಯ ಅಂದರೆ ಈ ಆಟದಲ್ಲಿ ಬೇರೆ ಸೈನ್ಯ ಅಂತಲೇ ಇಲ್ಲ. ಶತ್ರುವಿನ ಗ್ರಹಕ್ಕೆ ದಾಳಿ ಮಾಡಬೇಕಾದರೆ ನಮ್ಮ ಗ್ರಹದ ಜನರನ್ನೇ ಹಡಗಿಗೆ ತುಂಬಿ ಕಳಿಸಬೇಕು. ಗೆದ್ದರೆ ಉಳಿದವರು ಅಲ್ಲೇ ನೆಲೆಸುತ್ತಾರೆ, ಸೋತರೆ ಅಷ್ಟೂ ಜನ ಹೋದರು. ರೈತನೂ ಅವನೇ, ಕಾರ್ಮಿಕನೂ ಅವನೇ, ಸಿಪಾಯಿಯೂ ಅವನೇ. ಯುದ್ಧಕ್ಕೆ ಎಷ್ಟು ಖರ್ಚಾಯ್ತು ಅನ್ನೋದು ಖಜಾನೆಯಲ್ಲಿ ಅಲ್ಲ, ಮನೆಯ ಗ್ರಹದ ಖಾಲಿ ಜಾಗದಲ್ಲಿ ಕಾಣುತ್ತೆ. ಇದು ಬಹಳ ಪ್ರಾಮಾಣಿಕವಾದ ವಿನ್ಯಾಸ ಅಂತ ನನ್ನ ಅನಿಸಿಕೆ.

ಒಂದು ಕಡೆ ಮಾತ್ರ ಅದು ಅಷ್ಟು ಪ್ರಾಮಾಣಿಕ ಅಲ್ಲ. ಆ ಖಾಲಿ ಜಾಗ ಕೆಲವೇ ಟರ್ನುಗಳಲ್ಲಿ ಮತ್ತೆ ತುಂಬಿಬಿಡುತ್ತೆ. ಯಾಕೆ ಅಂತ ತಿಳಿಯೋಕೆ ಆ ಸೂತ್ರದ ಅಪ್ಪನ ಹತ್ತಿರ ಹೋಗಬೇಕು.

ಬೆಲ್ಜಿಯಂನ ಗಣಿತಜ್ಞ

1798ರಲ್ಲಿ ಇಂಗ್ಲೆಂಡಿನ ಥಾಮಸ್ ಮಾಲ್ಥಸ್ ಜನಸಂಖ್ಯೆ ಗುಣಾಕಾರದಲ್ಲಿ ಹೆಚ್ಚುತ್ತೆ, ಆಹಾರ ಬರೀ ಸಂಕಲನದಲ್ಲಿ ಹೆಚ್ಚುತ್ತೆ ಅಂತ ಬರೆದು ಎಲ್ಲರನ್ನೂ ಹೆದರಿಸಿದ್ದರು. 1838ರಲ್ಲಿ ಬೆಲ್ಜಿಯಂನ ಪಿಯರ್ ಫ್ರಾನ್ಸ್ವಾ ವರ್ಹುಲ್ಸ್ಟ್ ಆ ಹೆದರಿಕೆಯನ್ನು ಒಂದು ಸಮೀಕರಣ ಮಾಡಿದರು. ಜಾಗ ಖಾಲಿ ಇದ್ದಾಗ ಜನ ಗುಣಾಕಾರದಲ್ಲೇ ಹೆಚ್ಚುತ್ತಾರೆ, ಜಾಗ ತುಂಬುತ್ತಾ ಬಂದ ಹಾಗೆ ಹೆಚ್ಚುವ ವೇಗ ಇಳಿಯುತ್ತೆ, ಮಿತಿ ಮುಟ್ಟಿದಾಗ ನಿಲ್ಲುತ್ತೆ. ಗ್ರಾಫ್ ಹಾಕಿದರೆ ಎಳೆದು ಹಿಗ್ಗಿಸಿದ ಇಂಗ್ಲಿಷಿನ 'ಎಸ್' ಅಕ್ಷರದ ಹಾಗೆ. ಇದಕ್ಕೆ 'ಲಾಜಿಸ್ಟಿಕ್' ವಕ್ರರೇಖೆ ಅಂತ ಹೆಸರು.

ಒಂದು ಉದಾಹರಣೆ. ಗ್ರಹದ ಮಿತಿ 100, ಖಾಲಿ ಇದ್ದಾಗಿನ ಬೆಳವಣಿಗೆ 10% ಅಂತಿಟ್ಟುಕೊಳ್ಳಿ. ಜನ 10 ಇದ್ದಾಗ ಒಂದು ಟರ್ನಿಗೆ 0.9 ಸೇರುತ್ತೆ. 50 ಇದ್ದಾಗ 2.5 ಸೇರುತ್ತೆ. 90 ಇದ್ದಾಗ ಮತ್ತೆ 0.9ಕ್ಕೇ ಇಳಿಯುತ್ತೆ. ಅಂದರೆ ಅರ್ಧ ತುಂಬಿದ ಗ್ರಹವೇ ಎಲ್ಲಕ್ಕಿಂತ ಹೆಚ್ಚು 'ಇಳುವರಿ' ಕೊಡೋದು. ತುಂಬಿದ ಗ್ರಹ ದಂಡ. ಹಾಗಾಗಿ ಓರಿಯನ್ ಆಡುವವರೆಲ್ಲ ಬೇಗ ಕಂಡುಕೊಂಡಿದ್ದು ಏನಪ್ಪಾ ಅಂದರೆ, ತುಂಬಿದ ಗ್ರಹದಿಂದ ಜನರನ್ನು ತೆಗೆದು ಖಾಲಿ ಗ್ರಹಕ್ಕೆ ಸುರಿ, ಹಳೇದು ತಾನೇ ತುಂಬಿಕೊಳ್ಳುತ್ತೆ. ತೋಟದಲ್ಲಿ ಹುಲ್ಲು ಕೊಯ್ದ ಹಾಗೆ.

1995ರ 'ಸ್ಟಾರ್ಸ್!' ಅನ್ನೋ ಆಟ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಜೆಫ್ ಜಾನ್ಸನ್ ಮತ್ತು ಜೆಫ್ ಮ್ಯಾಕ್‌ಬ್ರೈಡ್ ಅನ್ನುವ ಇಬ್ಬರು ಬರೆದದ್ದು, ಟರ್ನಿನ ಫೈಲುಗಳನ್ನು ಇಮೇಲಿನಲ್ಲಿ ಕಳಿಸಿ ಆಡಬಹುದಾಗಿತ್ತು. ಪ್ರತಿ ಜನಾಂಗಕ್ಕೆ ಹಿಡಿಸುವ ಗುರುತ್ವ, ಉಷ್ಣತೆ, ವಿಕಿರಣ ಬೇರೆ ಬೇರೆ. ಅದಕ್ಕೆ ಹೊಂದದ ಗ್ರಹದಲ್ಲಿ ಇಳಿಸಿದರೆ ವರ್ಷಾ ವರ್ಷಾ ಸಾಯ್ತಾರೆ. ಪೂರ್ತಿ ಹೊಂದುವ ಗ್ರಹದಲ್ಲಿ 10 ಲಕ್ಷ ಜನ ಇರಬಹುದು. ಕಾಲು ಭಾಗ ತುಂಬೋವರೆಗೆ ಪೂರ್ತಿ ವೇಗದ ಬೆಳವಣಿಗೆ, ಆಮೇಲೆ ಇಕ್ಕಟ್ಟಿನಿಂದ ಇಳಿಮುಖ. ಲೆಕ್ಕ ಹಾಕಿದರೆ ಮೂರರಲ್ಲಿ ಒಂದು ಭಾಗ ತುಂಬಿದಾಗ ಇಳುವರಿ ಹೆಚ್ಚು. ಗಂಭೀರವಾಗಿ ಆಡುವವರು ಗ್ರಹಗಳನ್ನು ಆ ಮಟ್ಟದ ಆಸುಪಾಸಿನಲ್ಲೇ ಹಿಡಿದಿಟ್ಟು, ಉಳಿದವರನ್ನು ಸರಕು ಹಡಗಿನಲ್ಲಿ ತುಂಬಿ ಕಳಿಸ್ತಾ ಇದ್ದರು. ಒಂದು ಕಿಲೋಟನ್ ಸರಕು ಜಾಗಕ್ಕೆ 100 ಜನ. ಖನಿಜವನ್ನು ತುಂಬುವ ಜಾಗವೂ ಅದೇ.

ನಿಜವಾದ ಜನ ಹೀಗೆ ಹೆಚ್ಚುತ್ತಾರಾ? 1920ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಮತ್ತು ಲೋವೆಲ್ ರೀಡ್ ವರ್ಹುಲ್ಸ್ಟ್‌ರ ಅದೇ ರೇಖೆಯನ್ನು ಅಮೆರಿಕದ ಜನಗಣತಿಗೆ ಹೊಂದಿಸಿ, ಆ ದೇಶದ ಜನಸಂಖ್ಯೆ ಹೆಚ್ಚೆಂದರೆ ಸುಮಾರು 19.7 ಕೋಟಿಗೆ ನಿಲ್ಲುತ್ತೆ ಅಂದರು. 1970ರ ಜನಗಣತಿಯಲ್ಲೇ ಅದು 20.3 ಕೋಟಿ ದಾಟಿತ್ತು. 2020ರಲ್ಲಿ 33 ಕೋಟಿ. ಯಾಕಂದರೆ 'ಮಿತಿ' ಅನ್ನೋದು ಕಲ್ಲಿನಲ್ಲಿ ಕೆತ್ತಿದ ಅಂಕಿ ಅಲ್ಲ. ಗೊಬ್ಬರ, ಔಷಧ, ವಲಸೆ, ಯುದ್ಧ ಮುಗಿದ ಮೇಲಿನ ಆಸೆ, ಎಲ್ಲವೂ ಅದನ್ನು ಎಳೆದಾಡುತ್ತೆ. ಲಾಜಿಸ್ಟಿಕ್ ರೇಖೆ ಪ್ರಯೋಗಾಲಯದ ಸೀಸೆಯಲ್ಲಿ ಬೆಳೆಸಿದ ಯೀಸ್ಟಿಗೆ ಚೆನ್ನಾಗಿ ಹೊಂದುತ್ತೆ. ನಮ್ಮ ಆಟಗಳ ಸಾಮ್ರಾಜ್ಯದ ಪ್ರಜೆಗಳು ಬಹಳ ಕಾಲ ಯೀಸ್ಟ್‌ಗಳಾಗಿಯೇ ಇದ್ದರು :-)

ಅಂಕಿಗೆ ಮುಖ ಬಂತು

1996ರಲ್ಲಿ 'ಮಾಸ್ಟರ್ ಆಫ್ ಓರಿಯನ್ 2' ಬಂದಾಗ ಒಂದು ದೊಡ್ಡ ಬದಲಾವಣೆ. 10 ಲಕ್ಷ ಜನಕ್ಕೆ ಒಂದು ಪುಟ್ಟ ಚಿತ್ರ. ಮೂರು ಸಾಲು: ರೈತರು, ಕಾರ್ಮಿಕರು, ವಿಜ್ಞಾನಿಗಳು. ಮೌಸಿನಿಂದ ಹಿಡಿದು ಒಂದು ಸಾಲಿನಿಂದ ಇನ್ನೊಂದಕ್ಕೆ ಎಳೆಯಬಹುದು. (ಹತ್ತು ಲಕ್ಷ ರೈತರು ಒಂದೇ ಕ್ಲಿಕ್ಕಿಗೆ ಭೌತವಿಜ್ಞಾನಿಗಳಾಗಿಬಿಡ್ತಾರೆ. ಎಂಜಿನಿಯರಿಂಗ್ ಓದೋಕೆ ನಾವು ಯಾಕೆ ನಾಲ್ಕು ವರ್ಷ ತಗೊಂಡ್ವೋ!) ಆಹಾರ ಬೆಳೆಯದ ಗ್ರಹಕ್ಕೆ ಸರಕು ಹಡಗಿನಲ್ಲಿ ಆಹಾರ ಹೋಗಬೇಕು. ಹಡಗು ಸಾಲದಿದ್ದರೆ ಉಪವಾಸ. ಅಸಿಮೋವ್ ಅವರ 'ಫೌಂಡೇಶನ್' ಓದಿದವರಿಗೆ ಟ್ರಾಂಟರ್ ನೆನಪಾಗಬಹುದು. 4,000 ಕೋಟಿ ಜನರ ರಾಜಧಾನಿ ಗ್ರಹ, ಊಟಕ್ಕೆ ಇಪ್ಪತ್ತು ಕೃಷಿ ಗ್ರಹಗಳ ಮೇಲೆ ಅವಲಂಬನೆ.

ಇನ್ನೂ ಮುಖ್ಯವಾದದ್ದು, ಗೆದ್ದ ಗ್ರಹದ ಜನ ಈಗ ಮಾಯ ಆಗ್ತಾ ಇರಲಿಲ್ಲ. ಅವರದ್ದೇ ಮುಖದ ಚಿತ್ರಗಳು ನಮ್ಮ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಮೊದಮೊದಲು ದಂಗೆ ಏಳಬಹುದು, ಕೆಲವು ಟರ್ನು ಕಳೆದರೆ ಒಬ್ಬೊಬ್ಬರಾಗಿ 'ನಮ್ಮವರು' ಆಗ್ತಾರೆ. ಇಷ್ಟ ಇಲ್ಲದಿದ್ದರೆ ಪಕ್ಕದಲ್ಲೇ ನಿರ್ನಾಮ ಮಾಡುವ ಆಯ್ಕೆ ಇದೆ. ಅದನ್ನು ಒತ್ತಿದ ಮೇಲೆ ಟರ್ನಿಗಿಷ್ಟು ಚಿತ್ರಗಳು ಕಮ್ಮಿ ಆಗುತ್ತಾ ಹೋಗುತ್ತವೆ, ನಮ್ಮ ಜನಕ್ಕೆ ಜಾಗ ಆಗುತ್ತೆ. ನಾಲ್ಕನೇ ಎಕ್ಸ್ ಕಂಪ್ಯೂಟರಿನಲ್ಲಿ ಕಾಣೋದು ಹೀಗೆ. ಶಬ್ದ ಇಲ್ಲ, ರಕ್ತ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತೆ. ಜಾರುಪಟ್ಟಿ ಎಳೆದು ಜನರನ್ನು ಗ್ರಹದಿಂದ ಗ್ರಹಕ್ಕೆ ಸಾಗಿಸೋದು ಆಟ ಬರೆಯುವವರ ಕಲ್ಪನೆ ಅಲ್ಲ. ನಿಜವಾದ ಸಾಮ್ರಾಜ್ಯಗಳು ಮಾಡಿದ್ದೇ ಅದು.

ಫಿಜಿಯ ಪಾಠ

ಬ್ರಿಟಿಷ್ ಸಾಮ್ರಾಜ್ಯದಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಆಗಿನಿಂದ 1917ರಲ್ಲಿ ಪದ್ಧತಿ ನಿಲ್ಲುವವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಕೂಲಿಗಳಾಗಿ ಮಾರಿಷಸ್, ಟ್ರಿನಿಡಾಡ್, ಗಯಾನ, ನಟಾಲ್, ಫಿಜಿ ಅಂತ ಸಾಗಿಸಿದರು. ಒಪ್ಪಂದ ಅನ್ನೋದರ ಇಂಗ್ಲಿಷ್ ಪದ 'ಅಗ್ರಿಮೆಂಟ್' ಅವರ ಬಾಯಲ್ಲಿ 'ಗಿರ್‌ಮಿಟ್' ಆಯಿತು, ಅವರು 'ಗಿರ್‌ಮಿಟಿಯಾ'ಗಳಾದರು.

ಫಿಜಿಯದ್ದು ಆಟದ ಪರದೆಯಲ್ಲೇ ನಡೆದ ಹಾಗಿದೆ. ಅಲ್ಲಿನ ಗವರ್ನರ್ ಆರ್ಥರ್ ಗಾರ್ಡನ್‌ಗೆ ಸ್ಥಳೀಯ ಫಿಜಿಯನ್ನರನ್ನು ತೋಟದ ದುಡಿಮೆಗೆ ದೂಡೋದು ಇಷ್ಟ ಇರಲಿಲ್ಲ. ಆದರೆ ವಸಾಹತಿಗೆ ದುಡ್ಡು ಬೇಕು, ದುಡ್ಡಿಗೆ ಸಕ್ಕರೆ ಬೇಕು, ಸಕ್ಕರೆಗೆ ಆಳು ಬೇಕು. 1879ರಲ್ಲಿ 'ಲಿಯೋನಿಡಾಸ್' ಅನ್ನೋ ಮೊದಲ ಹಡಗು ಬಂತು. 1916ರ ಹೊತ್ತಿಗೆ ಸುಮಾರು 60,000 ಜನ ಬಂದಿದ್ದರು. ಐದು ವರ್ಷದ ಕರಾರು ಮುಗಿದ ಮೇಲೆ ಬಹಳಷ್ಟು ಜನ ಅಲ್ಲೇ ಉಳಿದರು. 1940ರ ದಶಕದಲ್ಲಿ ಅವರ ಸಂಖ್ಯೆ ಸ್ಥಳೀಯರನ್ನು ಮೀರಿಸಿತು. 1987ರಲ್ಲಿ ಭಾರತೀಯ ಮೂಲದವರ ಬೆಂಬಲ ಹೆಚ್ಚಾಗಿದ್ದ ಸರ್ಕಾರ ಆರಿಸಿ ಬಂದಾಗ ಸೈನ್ಯ ಅದನ್ನು ಕಿತ್ತುಹಾಕಿತು, ಆಮೇಲೆ ಸಾವಿರಾರು ಜನ ದೇಶ ಬಿಟ್ಟರು.

ಒಬ್ಬ ಗವರ್ನರ್ 1879ರಲ್ಲಿ ಎಳೆದ ಜಾರುಪಟ್ಟಿಯ ಪರಿಣಾಮ ನೂರು ವರ್ಷ ಆದ ಮೇಲೂ ಮುಗಿದಿರಲಿಲ್ಲ. ಓರಿಯನ್ನಿನಲ್ಲಿ ಕೆಲವು ಟರ್ನು ಕಳೆದರೆ ಎಲ್ಲರೂ 'ನಮ್ಮವರು'. ನಿಜದಲ್ಲಿ, ಸಾಗಿಸಿದ ಜನ ಒಂದು ಸಮಾಜ ಆಗ್ತಾರೆ. ಅವರಿಗೆ ತಮ್ಮದೇ ಭಾಷೆ ಹುಟ್ಟುತ್ತೆ, ಓಟು ಬೇಕಾಗುತ್ತೆ, ಜಮೀನು ಬೇಕಾಗುತ್ತೆ. ಮೊದಲಿದ್ದವರಿಗೆ ಭಯ ಆಗುತ್ತೆ. ಇವರಲ್ಲಿ ಯಾರೂ ಕೆಟ್ಟವರಾಗಬೇಕಾಗಿಲ್ಲ. ಇದನ್ನು ತೋರಿಸದ ಆಟ ಸಾಮ್ರಾಜ್ಯದ ಲಾಭ ಮಾತ್ರ ತೋರಿಸಿ ಬಿಲ್ಲನ್ನು ಬಚ್ಚಿಟ್ಟ ಹಾಗೆ.

ಮಾತು ಕೇಳದ ಜನ

2000ದ ನಂತರದ ಆಟಗಳಲ್ಲಿ ಕೆಲವು ಈ ಕಡೆಗೆ ಹೆಜ್ಜೆ ಇಟ್ಟವು. ಸ್ಟಾರ್‌ಡಾಕ್ ಸಂಸ್ಥೆಯ 'ಗ್ಯಾಲಕ್ಟಿಕ್ ಸಿವಿಲೈಜೇಷನ್ಸ್ 2' (2006) ಆಟದಲ್ಲಿ ಜನ ಮುಖ್ಯವಾಗಿ ತೆರಿಗೆದಾರರು. ತೆರಿಗೆ ಏರಿಸಿದರೆ ಒಪ್ಪಿಗೆ ಇಳಿಯುತ್ತೆ, ಒಪ್ಪಿಗೆ ಇಳಿದರೆ ಜನಸಂಖ್ಯೆಯ ಬೆಳವಣಿಗೆ ಕುಂಟುತ್ತೆ, ಚುನಾವಣೆಯಲ್ಲೂ ಪೆಟ್ಟು. 2017ರ 'ಎಂಡ್‌ಲೆಸ್ ಸ್ಪೇಸ್ 2' ಆಟದಲ್ಲಿ ಬೇರೆ ಬೇರೆ ಜನಾಂಗದವರಿಗೆ ಬೇರೆ ಬೇರೆ ರಾಜಕೀಯ ಒಲವು. ನೀವು ಸೇರಿಸಿಕೊಂಡ ಜನ ನಿಮ್ಮ ಸಂಸತ್ತನ್ನು ನಿಧಾನವಾಗಿ ಬದಲಾಯಿಸ್ತಾರೆ. ಇಲ್ಲಿ ಫಿಜಿಯ ನೆರಳು ಸ್ವಲ್ಪ ಇದೆ.

ನನಗೆ ಬಹಳ ಇಷ್ಟವಾದದ್ದು 2010ರ 'ಡಿಸ್ಟೆಂಟ್ ವರ್ಲ್ಡ್ಸ್'. ಇದರಲ್ಲಿ ಖಾಸಗಿ ಆರ್ಥಿಕತೆ ಅಂತ ಒಂದು ಇದೆ, ಅದು ನಮ್ಮ ಕೈಯಲ್ಲಿಲ್ಲ. ಸರಕು ಹಡಗು, ಗಣಿ ಹಡಗು, ಪ್ರಯಾಣಿಕರ ಹಡಗುಗಳು ತಮ್ಮ ಪಾಡಿಗೆ ಓಡಾಡುತ್ತವೆ. ಜನ ತಮಗೆ ಬೇಕಾದಾಗ ವಲಸೆ ಹೋಗ್ತಾರೆ. ನಾವು ಸರ್ಕಾರ ಅಷ್ಟೇ.

ಇನ್ನೊಂದು ತುದಿಯಲ್ಲಿ ಸ್ಟೀವ್ ವಾಮ್ಸ್ಲಿ ಒಬ್ಬರೇ ವರ್ಷಗಟ್ಟಲೆ ಬರೆದ 'ಅರೋರಾ'. ನೋಡೋಕೆ ಪೂರ್ತಿ ಕಚೇರಿಯ ಲೆಕ್ಕದ ಸಾಫ್ಟ್‌ವೇರ್. ಆದರೆ ಒಂದು ಒಳ್ಳೆ ಯೋಚನೆ ಅದರಲ್ಲಿದೆ. ಗ್ರಹ ಎಷ್ಟು ಪ್ರತಿಕೂಲವೋ ಅಷ್ಟು ಹೆಚ್ಚು ಪಾಲು ಜನ ಬರೀ ಎಲ್ಲರನ್ನೂ ಬದುಕಿಸಿಡುವ ಕೆಲಸದಲ್ಲೇ ಇರ್ತಾರೆ. ಹತ್ತು ಲಕ್ಷ ಜನ ಇದ್ದಾರೆ ಅಂದರೆ ಹತ್ತು ಲಕ್ಷ ಕಾರ್ಮಿಕರು ಸಿಕ್ಕರು ಅಂತ ಅಲ್ಲ. ಗಾಳಿ ಯಂತ್ರ ನೋಡಿಕೊಳ್ಳೋರು, ಅಡುಗೆ ಮಾಡೋರು, ಪಾಠ ಹೇಳೋರು, ಇವರನ್ನೆಲ್ಲ ಕಳೆದು ಉಳಿದವರಷ್ಟೇ ಕಾರ್ಖಾನೆಗೆ.

ಸ್ಟೆಲ್ಲಾರಿಸ್: ಹತ್ತು ವರ್ಷದ ರಿಪೇರಿ

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2003ರಲ್ಲಿ 'ವಿಕ್ಟೋರಿಯಾ' ಅನ್ನೋ ಹತ್ತೊಂಬತ್ತನೇ ಶತಮಾನದ ಆಟದಲ್ಲಿ 'ಪಾಪ್' ಅನ್ನೋ ಪದ್ಧತಿ ತಂದಿತ್ತು. ಪ್ರತಿ ಪ್ರಾಂತ್ಯದ ಜನರನ್ನು ಕಸುಬು, ಸಂಸ್ಕೃತಿ, ಧರ್ಮದ ಪ್ರಕಾರ ಗುಂಪು ಮಾಡಿ ಲೆಕ್ಕ ಇಡೋದು. 2016ರ ಮೇ ತಿಂಗಳಲ್ಲಿ ಅವರದ್ದೇ 'ಸ್ಟೆಲ್ಲಾರಿಸ್' ಬಂದಾಗ ಆ ಪದ ಆಕಾಶಕ್ಕೆ ಹಾರಿತು. ಶುರುವಿನಲ್ಲಿ ಗ್ರಹದ ಮೇಲೆ ಹೆಚ್ಚೆಂದರೆ 25 ಚೌಕ, ಚೌಕಕ್ಕೊಂದು ಪಾಪ್. ನೋಡೋಕೆ ಚೆಂದ, ಆದರೆ ಜನ ಅಲ್ಲಿ ಪಗಡೆ ಕಾಯಿಗಳು.

2018ರ ಡಿಸೆಂಬರಿನಲ್ಲಿ 2.2 ಆವೃತ್ತಿ ಚೌಕಗಳನ್ನೇ ಕಿತ್ತುಹಾಕಿತು. ಉದ್ಯೋಗಗಳು ಬಂದವು, ಆಳುವವರು, ತಜ್ಞರು, ಕಾರ್ಮಿಕರು ಅಂತ ವರ್ಗಗಳು ಬಂದವು, ನಿರುದ್ಯೋಗ ಬಂತು. ಒಳ್ಳೇದೇ. ಆದರೆ ಎರಡು ತೊಂದರೆ ಕಾಣಿಸಿದವು.

ಒಂದು, ಬೆಳವಣಿಗೆ ಗ್ರಹಕ್ಕಿಷ್ಟು ಅಂತ ಆಯ್ತು. ಒಬ್ಬರಿದ್ದರೂ ಅಷ್ಟೇ, ನೂರಿದ್ದರೂ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಕೆಲಸಕ್ಕೆ ಬಾರದ ಗ್ರಹವನ್ನೂ ಹಿಡಿದು ಮೊಟ್ಟೆ ಇಡುವ ಕೋಳಿಯ ಹಾಗೆ ಸಾಕೋದೇ ಗೆಲ್ಲುವ ದಾರಿ ಆಯ್ತು. ಎರಡು, ಆಟ ಕೊನೆಗೆ ಬರುವಷ್ಟರಲ್ಲಿ ಸಾವಿರಾರು ಪಾಪ್‌ಗಳು. ಪ್ರತಿಯೊಂದೂ 'ನನಗೆ ಯಾವ ಕೆಲಸ ಸರಿ' ಅಂತ ಉದ್ಯೋಗಗಳನ್ನು ತೂಗಿ ನೋಡಬೇಕು. ಲೂಪಿನ ಒಳಗೆ ಲೂಪ್. ನಮ್ಮ ಕಸುಬಿನವರಿಗೆ ಬೇರೆ ಹೇಳಬೇಕಾಗಿಲ್ಲ, ಪ್ರೊಸೆಸರ್ ಏದುಸಿರು ಬಿಡೋಕೆ ಅಷ್ಟು ಸಾಕು. ಅದರ ಮೇಲೆ ಬೇರೆ ಬೇರೆ ಜನಾಂಗಗಳ ನಡುವೆ ಮಕ್ಕಳಾಗಲು ಬಿಡುವ ಒಂದು ಆಯ್ಕೆ ಇತ್ತು. ಮಿಶ್ರ ಜನಾಂಗಗಳು ಹುಟ್ಟಿ ಹುಟ್ಟಿ ಪಟ್ಟಿ ಉದ್ದವಾಗಿ, ಅಂತರಗ್ರಹ ಪ್ರೇಮವೇ ಕಂಪ್ಯೂಟರಿಗೆ ಭಾರವಾಯ್ತು :-)

2021ರ 3.0 ಆವೃತ್ತಿಯಲ್ಲಿ ನಮ್ಮ ವರ್ಹುಲ್ಸ್ಟ್ ಅಜ್ಜ ಮತ್ತೆ ಬಂದರು. ಗ್ರಹದ ಸಾಮರ್ಥ್ಯಕ್ಕೆ ತಕ್ಕ ಲಾಜಿಸ್ಟಿಕ್ ಬೆಳವಣಿಗೆ. ಜೊತೆಗೆ ಇನ್ನೊಂದು ನಿಯಮ ಏನೆಂದರೆ, ಇಡೀ ಸಾಮ್ರಾಜ್ಯದ ಒಟ್ಟು ಜನ ಹೆಚ್ಚಿದಂತೆ ಹೊಸ ಪಾಪ್ ಹುಟ್ಟೋದು ಎಲ್ಲ ಕಡೆ ನಿಧಾನ. ಆಟದ ಸಮತೋಲನಕ್ಕೂ ಕಂಪ್ಯೂಟರಿನ ಆರೋಗ್ಯಕ್ಕೂ ಇದು ಸರಿ. ಆದರೆ ತರ್ಕ? ಈ ತುದಿಯ ಗ್ರಹದಲ್ಲಿ ಮಗು ಹುಟ್ಟಿದ್ದಕ್ಕೆ ಆ ತುದಿಯ ಗ್ರಹದಲ್ಲಿ ಹೆರಿಗೆ ಯಾಕೆ ತಡ ಆಗಬೇಕು? ಆಟಗಾರರು ಮುನಿಸಿಕೊಂಡದ್ದು ಸಹಜ. ಕೊನೆಗೆ 2025ರ ಮೇ ತಿಂಗಳ 4.0 ಆವೃತ್ತಿ ಹಳೆಯ ಒಂದು ಪಾಪ್ ಅನ್ನು 100 ಮಾಡಿ, ಒಂದೇ ತರಹದವರನ್ನು ಒಂದು ಗುಂಪಾಗಿಸಿತು. ಬಿಡುಗಡೆಯಾದ ಹೊಸದರಲ್ಲಿ ದೋಷಗಳು ಸಾಕಷ್ಟಿದ್ದವು. ಆದರೆ ದಾರಿ ಸರಿ ಅಂತ ನನಗನ್ನಿಸುತ್ತೆ. ಡೇಟಾಬೇಸಿನಲ್ಲಿ 'ಗ್ರೂಪ್ ಬೈ' ಬರೆದ ಹಾಗೆ. ಸಾವಿರ ಸಾಲಿನ ಬದಲು ಒಂದು ಸಾಲು, ಪಕ್ಕದಲ್ಲಿ ಎಣಿಕೆ. 2003ರ ವಿಕ್ಟೋರಿಯಾ ಮಾಡಿದ್ದ ಕೆಲಸಕ್ಕೆ ಸುತ್ತಿ ಬಳಸಿ ಮರಳಿದ ಹಾಗಾಯ್ತು.

ಯಾರೂ ಬರೆಯದ ಎರಡು ಸಾಲು

ಇಷ್ಟೆಲ್ಲಾ ಆಟಗಳನ್ನು ಸಾಲಾಗಿಟ್ಟು ನೋಡಿದರೆ ಎರಡು ವಿಷಯ ಹೆಚ್ಚು ಕಡಿಮೆ ಎಲ್ಲ ಕಡೆ ಕಾಣೆಯಾಗಿವೆ.

ಮೊದಲನೆಯದು, ಸಮೃದ್ಧಿ ಬಂದ ಹಾಗೆ ಜನ ಕಡಿಮೆ ಹೆರುತ್ತಾರೆ ಅನ್ನೋದು. ಆಟಗಳಲ್ಲಿ ಯಾವಾಗಲೂ ಉಲ್ಟಾ. ಆಹಾರ ಹೆಚ್ಚು, ಖುಷಿ ಹೆಚ್ಚು, ಆಸ್ಪತ್ರೆ ಹೆಚ್ಚು ಅಂದರೆ ಮಕ್ಕಳೂ ಹೆಚ್ಚು. ನಿಜದಲ್ಲಿ ಸಾವು ಮೊದಲು ಇಳಿಯುತ್ತೆ, ಒಂದೆರಡು ತಲೆಮಾರು ಜನಸಂಖ್ಯೆ ನೆಗೆಯುತ್ತೆ, ಆಮೇಲೆ ಹೆಣ್ಣುಮಕ್ಕಳ ಓದು, ಪೇಟೆ, ನೌಕರಿ ಬಂದ ಮೇಲೆ ಹುಟ್ಟೂ ಇಳಿಯುತ್ತೆ. ದೂರ ಹೋಗಬೇಕಿಲ್ಲ, ನಮ್ಮ ಅಜ್ಜಿಯರ ಕಾಲದ ಮನೆಗಳಲ್ಲಿ ಎಂಟು ಹತ್ತು ಮಕ್ಕಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಗು. ಜನಸಂಖ್ಯೆ ನಿಂತಲ್ಲೇ ನಿಲ್ಲೋಕೆ ಬೇಕಾದ್ದು ಸುಮಾರು 2.1. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಅದು 0.72. ಅತಿ ಮುಂದುವರಿದ ಆಕಾಶ ಸಾಮ್ರಾಜ್ಯಕ್ಕೆ ದೊಡ್ಡ ಚಿಂತೆ ಇಕ್ಕಟ್ಟು ಅಲ್ಲ, ಖಾಲಿ ತೊಟ್ಟಿಲು ಆಗಬೇಕಿತ್ತು. ಎಷ್ಟು ಒಳ್ಳೆ ಆಟ ಆಗ್ತಿತ್ತು ಯೋಚಿಸಿ! ಹೊಸ ಗಡಿ ಗ್ರಹಗಳಲ್ಲಿ ಮಕ್ಕಳ ಗದ್ದಲ, ರಾಜಧಾನಿಯಲ್ಲಿ ಮುದುಕರು. ಗಡಿಯವರು ಬರದಿದ್ದರೆ ರಾಜಧಾನಿ ನಡೆಯಲ್ಲ, ಬಂದರೆ ರಾಜಧಾನಿ ಅವರದ್ದಾಗುತ್ತೆ.

ಎರಡನೆಯದು ವಯಸ್ಸು. ಆಟದಲ್ಲಿ ಹುಟ್ಟಿದ ಮಗು ಆ ಕ್ಷಣವೇ ಕಾರ್ಖಾನೆಗೆ ಹೋಗುತ್ತೆ. ಸತ್ತ ಸಿಪಾಯಿಗಳ ಜಾಗ ಬೇಗನೆ ತುಂಬುತ್ತೆ. ಫ್ರಾನ್ಸ್ ದೇಶದ ಉದಾಹರಣೆ ನೋಡಿ. ಮೊದಲ ಮಹಾಯುದ್ಧದಲ್ಲಿ ಅವರ 13 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಗಂಡಸರು ಗಡಿಯಲ್ಲಿದ್ದ ಆ ವರ್ಷಗಳಲ್ಲಿ ಮಕ್ಕಳು ಹುಟ್ಟಿದ್ದೂ ಸುಮಾರು ಅರ್ಧ. ಹುಟ್ಟದೇ ಹೋದ ಆ ಮಕ್ಕಳಿಗೆ ಇಪ್ಪತ್ತು ವರ್ಷ ಆಗಬೇಕಾಗಿದ್ದದ್ದು 1930ರ ದಶಕದ ಕೊನೆಯಲ್ಲಿ. ಸೈನ್ಯಕ್ಕೆ ಸೇರೋಕೆ ಹುಡುಗರೇ ಇಲ್ಲ. ಅದಕ್ಕೇ 1935ರಲ್ಲಿ ಕಡ್ಡಾಯ ಸೇವೆಯನ್ನು ಎರಡು ವರ್ಷಕ್ಕೆ ಏರಿಸಿದರು. 'ಟೊಳ್ಳು ವರ್ಷಗಳು' ಅಂತ ಅವರ ಭಾಷೆಯಲ್ಲಿ ಅದಕ್ಕೊಂದು ಹೆಸರೇ ಇದೆ. ಯುದ್ಧದ ನಿಜವಾದ ಬಿಲ್ಲು ಇಪ್ಪತ್ತು ವರ್ಷ ತಡವಾಗಿ ಬರುತ್ತೆ.

ಹಾಗಾದರೆ ಹೇಗಿರಬೇಕು?

ನನ್ನ ಕೈಗೆ ಕೋಡ್ ಕೊಟ್ಟರೆ ಹೀಗೆ ಬರೀತೀನಿ.

ಜನರನ್ನು ಗುಂಪಾಗಿ ಇಡಬೇಕು: ಗ್ರಹ, ಜನಾಂಗ, ಕಸುಬು. ಪ್ರತಿ ಗುಂಪಿಗೆ ಮೂರೇ ಡಬ್ಬಿ, ಮಕ್ಕಳು, ದುಡಿಯುವವರು, ಮುದುಕರು. ಟರ್ನಿಗೊಮ್ಮೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಂದಿಷ್ಟು ಸುರಿದರೆ ಆಯ್ತು, ಗುಣಾಕಾರ ಎರಡು, ಕೂಡಿಸೋದು ಎರಡು. ಸಾವಿರ ಗ್ರಹ ಇದ್ದರೂ ಹಳೇ ಲ್ಯಾಪ್‌ಟಾಪ್ ಕೂಡ ಬೆವರಲ್ಲ. ಫ್ರಾನ್ಸಿನ ಟೊಳ್ಳು ವರ್ಷಗಳು ಇದರಿಂದ ತಾವಾಗಿಯೇ ಬರುತ್ತವೆ, ಅದಕ್ಕೆ ಬೇರೆ ನಿಯಮ ಬೇಕಿಲ್ಲ.

ಹುಟ್ಟಿನ ದರ ಸಮೃದ್ಧಿಯ ಜೊತೆ ಇಳಿಯಬೇಕು, ಸಾವಿನ ದರ ಅದಕ್ಕಿಂತ ಮೊದಲೇ ಇಳಿಯಬೇಕು. ಹೀಗೆ ಮಾಡಿದರೆ ದೊಡ್ಡ ಸಾಮ್ರಾಜ್ಯ ಇನ್ನೂ ದೊಡ್ಡದಾಗುತ್ತಲೇ ಹೋಗುವ ಹಳೇ ರೋಗಕ್ಕೂ ಮದ್ದು ಸಿಗುತ್ತೆ. 3.0ರ ಕೃತಕ ದಂಡ ಬೇಕಿಲ್ಲ, ಶ್ರೀಮಂತಿಕೆಯೇ ತನ್ನನ್ನು ನಿಧಾನ ಮಾಡಿಕೊಳ್ಳುತ್ತೆ.

ಜನ ತಾವಾಗಿಯೇ ಓಡಾಡಬೇಕು. ಸರ್ಕಾರ ಬಾಗಿಲು ತೆಗೆಯಬಹುದು, ಮುಚ್ಚಬಹುದು, ಆಸೆ ತೋರಿಸಬಹುದು, ಅಷ್ಟೇ. ಬಲವಂತವಾಗಿ ಸಾಗಿಸಿದರೆ ಆ ಗುಂಪು ಅದನ್ನು ತಲೆಮಾರುಗಟ್ಟಲೆ ನೆನಪಿಡಬೇಕು. ಸಾಗಾಣಿಕೆ ದುಬಾರಿಯೂ ಆಗಿರಬೇಕು. ಭೂಮಿಯ ಜನಸಂಖ್ಯೆ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತು, ವರ್ಷಕ್ಕೆ ಸೇರುತ್ತಾ ಇರೋದು ಸುಮಾರು 7 ಕೋಟಿ. ಹೆಚ್ಚಾದವರನ್ನು ಮಾತ್ರ ಆಕಾಶಕ್ಕೆ ಕಳಿಸಿ ಸಂಖ್ಯೆ ನಿಲ್ಲಿಸುತ್ತೀವಿ ಅಂದರೂ ದಿನಕ್ಕೆ 1,90,000 ಜನರನ್ನು ಹಾರಿಸಬೇಕು. 1961ರಲ್ಲಿ ಗಗಾರಿನ್ ಹೋದ ಮೇಲೆ ಇಲ್ಲಿಯವರೆಗೆ ಬಾಹ್ಯಾಕಾಶ ಕಂಡವರೆಲ್ಲ ಸೇರಿದರೂ ಒಂದು ಸಾವಿರ ಆಗಿಲ್ಲ. ಹೊಸ ಗ್ರಹ ತುಂಬೋದು ಅಲ್ಲೇ ಹುಟ್ಟಿದವರಿಂದಲೇ ಹೊರತು ಹಡಗಿನಿಂದ ಇಳಿದವರಿಂದ ಅಲ್ಲ.

ಕೊನೆಯದಾಗಿ, ನಾಲ್ಕನೇ ಎಕ್ಸ್. ಅದನ್ನು ಆಟದಿಂದ ತೆಗೆಯಬೇಕು ಅಂತ ನಾನು ಹೇಳಲ್ಲ. ಇತಿಹಾಸದಲ್ಲಿ ಇರೋದನ್ನು ಆಟದಲ್ಲಿ ಮುಚ್ಚಿಟ್ಟರೆ ಏನು ಬಂತು? ಆದರೆ ಅದು ಖಾಲಿ ಜಾಗ ಮಾಡಿಕೊಳ್ಳುವ ಅಗ್ಗದ ಉಪಾಯ ಆಗಿರಬಾರದು. ಸ್ಟೆಲ್ಲಾರಿಸ್‌ನಲ್ಲಿ ಹಾಗೆ ಮಾಡಿದರೆ ಉಳಿದ ಸಾಮ್ರಾಜ್ಯಗಳು ದ್ವೇಷಿಸುತ್ತವೆ, ಅದು ಒಂದು ಶುರು. ಸತ್ತವರ ನೆಂಟರು ಪಕ್ಕದ ಗ್ರಹಗಳಲ್ಲಿ ಇರ್ತಾರೆ, ನಮ್ಮ ಸ್ವಂತ ಹಡಗು ಕಟ್ಟುವವರಲ್ಲೂ ಇರ್ತಾರೆ ಅನ್ನೋದನ್ನು ಲೆಕ್ಕಕ್ಕೆ ತಂದರೆ ಇನ್ನೂ ಒಳ್ಳೇದು. ಗುಂಪಿನ ಲೆಕ್ಕ ಇಟ್ಟ ಮೇಲೆ ಅದು ಕಷ್ಟದ ಕೋಡ್ ಏನಲ್ಲ.

ಆಟದಲ್ಲಿ ಇಷ್ಟೆಲ್ಲ ಯಾಕೆ, ಸುಮ್ಮನೆ ಹಡಗು ಹಾರಿಸಬಾರದಾ ಅಂತ ಕೇಳಬಹುದು. ಹಾರಿಸೋಣ. ಆದರೆ ಜನರನ್ನು ಮೇಲಿನಿಂದ ಅಂಕಿಯಾಗಿ ನೋಡುವ ಅಭ್ಯಾಸ ಆಟಗಳಿಗಿಂತ ಹಳೇದು. ಬಜೆಟ್ಟು, ಅಣೆಕಟ್ಟು, ರಸ್ತೆ ಅಗಲ ಮಾಡೋ ಯೋಜನೆ, ಎಲ್ಲದರಲ್ಲೂ 'ಸ್ಥಳಾಂತರಗೊಳ್ಳುವ ಕುಟುಂಬಗಳು' ಅಂತ ಒಂದು ಕಾಲಂ ಇರುತ್ತೆ. ಆ ಕಾಲಂನ ಅಂಕಿ ತಿರುಗಿ ಮಾತಾಡಬಲ್ಲದು ಅಂತ ಒಂದು ಆಟ ಕಲಿಸಿದರೆ, ಗಂಟೆಗಟ್ಟಲೆ ಆಡಿ ನಿದ್ದೆಗೆಟ್ಟಿದ್ದಕ್ಕೆ ಸಾರ್ಥಕ.

ನೀವು ಆಡಿದ ಆಟಗಳಲ್ಲಿ ಜನಸಂಖ್ಯೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ್ದು ಯಾವುದಾದರೂ ಇದ್ದರೆ ತಿಳಿಸಿ. ಈ ವಾರಾಂತ್ಯಕ್ಕೆ ಒಂದು ಹೊಸ ಗ್ಯಾಲಕ್ಸಿ ಬೇಕಾಗಿದೆ.